ಮುತ್ತಜ್ಜಿಯನ್ನು ದೇವರ ಗೂಡಿನಿಂದ ಇಳಿಸು

ಪ್ರೀತಿಯ ತಮ್ಮ,

ನಿನ್ನ ಮುತ್ತಜ್ಜಿಯ ಬಗ್ಗೆ ಬರೆಯುತ್ತಿರುವ ಪುಸ್ತಕದಿಂದ ನೀನು ಕಳಿಸಿದ ಅಧ್ಯಾಯ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈ ಮೇಡಂ ಗೀಡಂ ಎಲ್ಲ ಬೇಡ, ಅಕ್ಕ ಅಂದರೆ ಸಾಕು. ನಿಮ್ಮ ಅವ್ವನಿಗಿಂತ ನನಗೇ ವಯಸ್ಸು ಜಾಸ್ತಿ ಇರಬಹುದು, ಇರಲಿ.

ಭಾಷೆ ಚೆನ್ನಾಗಿದೆ. ನಾಗಮಂಗಲದ ಕಡೆಯ ಬೆದ್ದಲು ಹೊಲ, ರಾಗಿ ಪೈರಿನ ನಡುವೆ ಅವರೆ ಸಾಲು, ಮಳೆ ಕೈಕೊಟ್ಟ ವರ್ಷದ ಕೆರೆಯಂಗಳ, ಇವನ್ನೆಲ್ಲ ನೀನು ಕಣ್ಣಾರೆ ಕಂಡು ಬರೆದಿದ್ದೀಯ. ಆದರೆ ಅಷ್ಟೂ ಪುಟದಲ್ಲಿ ನನಗೆ ನಿನ್ನ ಮುತ್ತಜ್ಜಿ ಸಿಗಲಿಲ್ಲ. ತ್ಯಾಗಮಯಿ ಅಂದಿದ್ದೀಯ. ಸಹನಾಮೂರ್ತಿ ಅಂದಿದ್ದೀಯ. ಭೂಮಿತಾಯಿ ಅಂತಲೂ ಅಂದಿದ್ದೀಯ. ಅವಳ ಹೆಸರು ಮಾತ್ರ ಒಂದೇ ಒಂದು ಕಡೆ ಬರುತ್ತದೆ, ಅದೂ ಅವಳ ತಿಥಿಯ ವಿಷಯ ಬರೆಯುವಾಗ. ಅವಳನ್ನು ದೇವರ ಗೂಡಿನಲ್ಲಿ ಕೂರಿಸಿ ಅರಿಶಿನ ಕುಂಕುಮ ಇಟ್ಟು ಕೈಮುಗಿದ ಹಾಗಿದೆ. ಗೂಡಿನಲ್ಲಿ ಕೂತವರು ಬೇಸಾಯ ಮಾಡುವುದಿಲ್ಲ, ಜಗಳ ಆಡುವುದಿಲ್ಲ, ಸಂತೆಯಲ್ಲಿ ಚೌಕಾಸಿ ಮಾಡುವುದಿಲ್ಲ.

ಒಂದು ಕಡೆ ಮಾತ್ರ ನಾನು ಎದ್ದು ಕೂತೆ. ಗಂಡ ಸತ್ತಾಗ ಅವಳಿಗೆ ಮೂವತ್ತರೊಳಗೆ ವಯಸ್ಸು, ಮೂರು ಮಕ್ಕಳು, ಮೈದುನರು ಕಾಟ ಕೊಟ್ಟರೂ ಹೇಗೋ ಎರಡು ಎಕರೆ ಉಳಿಸಿಕೊಂಡಳು ಅಂತ ಬರೆದಿದ್ದೀಯ. ಅಷ್ಟೇ. ಮುಂದಿನ ಪ್ಯಾರಾದಲ್ಲಿ ಮತ್ತೆ ಅವಳ ಸುಕ್ಕುಗಟ್ಟಿದ ಕೈ, ಎಲೆಅಡಿಕೆ ಚೀಲ. ಅಲ್ಲ ಕಣಯ್ಯ, ಎರಡು ಎಕರೆ ಉಳಿಸಿಕೊಂಡದ್ದು ಹೇಗೆ ಅಂತ ನಿನಗೆ ಕೇಳಬೇಕು ಅನಿಸಲಿಲ್ಲವಾ? ಯಾರ ಹತ್ತಿರ ಹೋದಳು? ಪಟೇಲನ ಹತ್ತಿರವಾ, ತವರಿನ ಅಣ್ಣತಮ್ಮಂದಿರ ಹತ್ತಿರವಾ? ಕೋರ್ಟಿಗೆ ಹೋದಳಾ, ಅರಳಿಕಟ್ಟೆಯಲ್ಲೇ ಪಂಚಾಯ್ತಿ ಮಾಡಿಸಿದಳಾ? ಓಲೆ ಬುಗುಡಿ ಗಿರವಿ ಇಟ್ಟಳಾ? ನಿನ್ನ ಪುಸ್ತಕ ಇರುವುದೇ ಇಲ್ಲಿ. ಉಳಿದದ್ದನ್ನು ನಿನ್ನ ವಯಸ್ಸಿನ ಯಾರು ಬೇಕಾದರೂ ಬರೆಯುತ್ತಾರೆ.

ಸ್ವಲ್ಪ ಕಾನೂನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದು. ನಿನ್ನ ಲೆಕ್ಕದಲ್ಲಿ ಮುತ್ತಜ್ಜ ಸತ್ತದ್ದು 1940ರ ಆಸುಪಾಸು. ಆಗಿನ ಪದ್ಧತಿಯಲ್ಲಿ ಒಟ್ಟು ಕುಟುಂಬದ ಆಸ್ತಿಯಿಂದ ಗಂಡ ಸತ್ತವಳಿಗೆ ಸಿಗುತ್ತಿದ್ದದ್ದು ಅನ್ನ ಬಟ್ಟೆ, ಅಂದರೆ ಜೀವನಾಂಶ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಬಗ್ಗೆ ಒಂದು ಕಾಯ್ದೆ ಬಂದಿತ್ತು, ಪಾಲಾಗುವಾಗ ವಿಧವೆಗೂ ಒಂದು ಭಾಗ ಕೊಡಬೇಕು ಅಂತ. ಬ್ರಿಟಿಷರ ಸೀಮೆಯಲ್ಲಿ ವಿಧವೆಯರಿಗೆ ಅಂಥದ್ದು ಸಿಕ್ಕಿದ್ದು 1937ರಲ್ಲಿ. ಆದರೆ ಕಾಯ್ದೆ ಪಾಸಾಗುವುದು ಬೇರೆ, ಅದು ನಿನ್ನೂರಿನ ಕಟ್ಟೆಯ ಮೇಲೆ ಕೂತ ಗಂಡಸರ ಕಿವಿಗೆ ಬೀಳುವುದು ಬೇರೆ. ಗಂಡುಮಕ್ಕಳಿದ್ದರೆ ಅಪ್ಪನ ಪಾಲು ಅವರದ್ದು, ಅವರು ಮೈನರ್ ಆಗಿದ್ದರೆ ತಾಯಿ ಗಾರ್ಡಿಯನ್, ಹೆಚ್ಚಿನ ಕಡೆ ಹಾಗೇ ನಡೆಯುತ್ತಿತ್ತು. ಮೈದುನರು ಒಳ್ಳೆಯವರಾದರೆ ಸರಿ. ಇಲ್ಲದಿದ್ದರೆ 'ಹುಡುಗರು ದೊಡ್ಡವರಾಗ್ಲಿ ಬುಡು, ಆಮೇಲೆ ನೋಡಾನ' ಅಂತ ವರ್ಷಗಟ್ಟಲೆ ತಳ್ಳುತ್ತಿದ್ದರು. ಹಾಗೆ ತಳ್ಳಿಸಿಕೊಳ್ಳದೆ ಅವಳು ಪಾಲು ತೆಗೆದುಕೊಂಡಿದ್ದಾಳೆ ಅಂದರೆ ಏನೋ ಮಾಡಿದ್ದಾಳೆ. ಆ ಏನೋ ಎಂಬುದು ಕಾಗದದಲ್ಲಿ ಇರಬಹುದು.

ಅದಕ್ಕೇ ನಿನ್ನ ಮೇಲ್‌ನ ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ ಸಂಗತಿ ನನಗೆ ಇಡೀ ಅಧ್ಯಾಯಕ್ಕಿಂತ ದೊಡ್ಡದಾಗಿ ಕಂಡಿತು. ಚಿಕ್ಕಪ್ಪನ ಟ್ರಂಕಿನಲ್ಲಿ ಒಂದು ಹಳೇ ಛಾಪಾ ಕಾಗದ ಇದೆ, ಅಕ್ಷರ ಓದೋಕೆ ಆಗ್ಲಿಲ್ಲ ಅಂದಿದ್ದೀಯ. ಅದು ಪಾಲು ಪಾರಿಖತ್ತು ಇರಬಹುದು, ಕ್ರಯಪತ್ರ ಇರಬಹುದು, ಭೋಗ್ಯಪತ್ರವೂ ಇರಬಹುದು. ಯಾವುದೇ ಆಗಲಿ, ಹೆಸರಿನಿಂದ ಶುರುಮಾಡಿ ಬಿಕ್ಕಲಂವರೆಗೆ, ಅಂದರೆ ಕೊನೆಯಲ್ಲಿ ಪತ್ರ ಬರೆದವನ ಹೆಸರಿನವರೆಗೆ, ಒಂದಕ್ಷರ ಬಿಡದೆ ನಕಲು ಮಾಡಿಕೋ. ಚೆಕ್ಕುಬಂದಿ ಅಂತ ಬರುತ್ತದಲ್ಲ, ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ ಅಂತ, ಅದನ್ನು ಜನ ಓದದೆ ದಾಟಿಬಿಡುತ್ತಾರೆ. ಅವಳ ಹೊಲದ ಸುತ್ತ ಆಗ ಯಾರು ಯಾರು ಇದ್ದರು ಅನ್ನುವುದು ಅಲ್ಲಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ. ಸಾಕ್ಷಿ ಹಾಕಿದವರ ಹೆಸರು ನೋಡು. ಅವಳ ತವರಿನ ಊರಿನವರು ಯಾರಾದರೂ ಸಾಕ್ಷಿಯಾಗಿದ್ದರೆ, ಅಣ್ಣನೋ ತಮ್ಮನೋ ಅವತ್ತು ಜೊತೆಗೆ ಬಂದು ನಿಂತಿದ್ದ ಅಂತ ಅರ್ಥ. ಅದು ಒಂದು ದೃಶ್ಯ. ನೀನು ಕಲ್ಪಿಸಿಕೊಳ್ಳಬೇಕಾಗಿಲ್ಲ, ಕಾಗದವೇ ಕೊಡುತ್ತದೆ. ಅವಳ ಹೆಬ್ಬೆಟ್ಟಿನ ಗುರುತು ಇದ್ದರಂತೂ ಇನ್ನೂ ಒಳ್ಳೆಯದು. ಅವಳ ಫೋಟೋ ಇಲ್ಲ ಅಂತ ಕೊರಗಿದ್ದೀಯಲ್ಲ, ಇದು ಅವಳದೇ ಕೈಯಿಂದ ಬಿದ್ದ ಗುರುತು.

ಆಮೇಲೆ ತಾಲ್ಲೂಕು ಆಫೀಸು. ಈಗ ಮೊಬೈಲಲ್ಲಿ ಸಿಗುವ ಪಹಣಿ ನಿನ್ನ ಕೆಲಸಕ್ಕೆ ಸಾಲುವುದಿಲ್ಲ, ಅದು ಈಚಿನದು. ಹಳೇ ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರಿನ ಪ್ರತಿ, ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ಇವಕ್ಕೆ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಸರ್ವೆ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಹುಡುಕುವಾಗ 'ಬಿನ್', ಅಂದರೆ ಇಂಥವನ ಮಗ ಅಂತ ಇರುವ ಸಾಲುಗಳ ಮೇಲೆ ಕಣ್ಣು ಓಡಿಸಿ, 'ಕೋಂ', ಅಂದರೆ ಇಂಥವನ ಹೆಂಡತಿ ಅಂತ ಇರುವಲ್ಲಿ ನಿಲ್ಲು. ಇಂಥವಳು ಕೋಂ ಇಂಥವನು ಅಂತ ಇರುವುದು ನಿನಗೆ ಬೇಕಾದ ಸಾಲು. ಅವಳ ಹೆಸರಲ್ಲಿ ಖಾತೆ ಯಾವ ವರ್ಷ ಬಂತು, ಎಷ್ಟು ವರ್ಷ ಇತ್ತು, ಯಾವಾಗ ಮಗನ ಹೆಸರಿಗೆ ಹೋಯಿತು, ಅವಳು ಬದುಕಿದ್ದಾಗಲೇ ಹೋಯಿತಾ, ಸತ್ತ ಮೇಲೆ ಆದ ಪೌತಿ ಖಾತೆಯಾ, ಇದನ್ನು ಬರೆದುಕೊಂಡು ಬಾ. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಂಗಸಿನ ಕೈಲಿ ಸೀಮಿತ ಹಕ್ಕಾಗಿ ಇದ್ದ ಆಸ್ತಿ ಪೂರ್ತಿ ಅವಳದೇ ಆಯಿತು. ಆ ವರ್ಷದ ಆಚೆಗೆ ನಿನ್ನ ಮುತ್ತಜ್ಜಿಯ ಖಾತೆಯಲ್ಲಿ ಏನಾದರೂ ಬದಲಾವಣೆ ಇದೆಯಾ ನೋಡು. ಇನ್ನೊಂದು ಸಂಗತಿ ಮರೆಯಬೇಡ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ, ಅದಕ್ಕೆ ಮುಂಚೆ ನಿಮ್ಮದು ಮೈಸೂರು ಜಿಲ್ಲೆ. ಹಳೇ ಕಡತ ಹುಡುಕುವಾಗ ಇದು ನೆನಪಿರಲಿ. ಶಾನುಭೋಗಿಕೆ ಪಟೇಲಿಕೆ ವಂಶಪಾರಂಪರ್ಯವಾಗಿ ಬರುವುದು ನಿಂತ ಮೇಲೆ, ಅಂದರೆ 1960ರ ದಶಕದಲ್ಲಿ, ಎಷ್ಟೋ ಲೆಕ್ಕದ ಪುಸ್ತಕಗಳು ಶಾನುಭೋಗರ ಮನೆಯ ಅಟ್ಟದಲ್ಲೇ ಉಳಿದುಬಿಟ್ಟವು. ನಿಮ್ಮೂರಿನ ಆ ಮನೆಯವರು ಈಗ ಎಲ್ಲಿದ್ದಾರೆ ಅಂತ ವಿಚಾರಿಸು.

ಒಂದು ಎಚ್ಚರಿಕೆ ಇದೆ. ಹಳೇ ಪಹಣಿ ಅಂತ ನೀನು ಬಾಯಿಬಿಟ್ಟ ದಿನವೇ ನಿಮ್ಮ ಕುಟುಂಬದಲ್ಲಿ ಗುಸುಗುಸು ಶುರುವಾಗುತ್ತದೆ. ಇವನಿಗೆ ಯಾಕೆ ಬೇಕು ಅದು? ಪಾಲು ಕೇಳೋಕೆ ಬಂದನಾ? ಇದು ತಮಾಷೆ ಅಲ್ಲ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಅಕ್ಕತಂಗಿಯರನ್ನು ಕರೆಸಿ, ಊಟ ಹಾಕಿ, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮನೆಗಳು ಎಷ್ಟಿಲ್ಲ? ನಿಮ್ಮ ಮನೆಯಲ್ಲೂ ಆಗಿರಬಹುದು. ಹಾಗಾಗಿ ಚಿಕ್ಕಪ್ಪನ ಹತ್ತಿರ ಮೊದಲೇ ಕೂತು ಯಾತಕ್ಕೆ ಕೇಳುತ್ತಿದ್ದೇನೆ ಅಂತ ಬಿಡಿಸಿ ಹೇಳು. ಕದ್ದುಮುಚ್ಚಿ ಫೋಟೋ ಹೊಡೆದುಕೊಂಡು ಬರಬೇಡ. ಅವರು ಆಗಲ್ಲ ಅಂದರೆ ಸರ್ಕಾರಿ ಆಫೀಸಿನಿಂದ ನಕಲು ತೆಗೆಸು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಇಂಥದ್ದು ತೆಗೆಸಿದ್ದೇನೆ ಅಂತ ಅವರಿಗೆ ಹೇಳು.

ಇನ್ನು ಮಾತಾಡಿಸುವ ವಿಷಯ. ನೀನು ಮಾತಾಡಿಸಿದವರ ಪಟ್ಟಿ ನೋಡಿದೆ, ಎಲ್ಲರೂ ಗಂಡಸರು! ತಾತ, ಚಿಕ್ಕತಾತ, ಚಿಕ್ಕಪ್ಪ, ಊರಿನ ಯಜಮಾನರು. ಅವರೆಲ್ಲ ಹೇಳಿದ್ದು ಒಂದೇ ಕತೆ, ನಮ್ಮವ್ವ ದೇವತೆ ಅಂತ. ಗಂಡುಮಕ್ಕಳು ಅವ್ವನ ಬಗ್ಗೆ ಇನ್ನೇನು ಹೇಳುತ್ತಾರೆ ಹೇಳು. ನಿನ್ನ ತಾತನ ತಂಗಿ, ಆ ಎಂಬತ್ತು ದಾಟಿದ ಅಜ್ಜಿ, ಕೆ.ಆರ್. ಪೇಟೆ ಕಡೆ ಕೊಟ್ಟಿದ್ದಾರೆ ಅಂದೆಯಲ್ಲ, ಅವರ ಹತ್ತಿರ ಮೊದಲು ಹೋಗಬೇಕಿತ್ತು. ಮದುವೆಯಾಗಿ ಆಚೆ ಹೋದ ಮಗಳಿಗೆ ತವರುಮನೆ ತಾನು ಬಿಟ್ಟು ಬಂದ ದಿನದ ಹಾಗೇ ನೆನಪಿರುತ್ತದೆ. ಅಲ್ಲೇ ಉಳಿದ ಮಗ ಆ ಮನೆಯನ್ನು ಕೆಡವಿ, ಶೀಟು ಹಾಕಿ, ಆಮೇಲೆ ಆರ್‌ಸಿಸಿ ಕಟ್ಟಿ, ಹಳೇದನ್ನೆಲ್ಲ ಕಲಸಿಕೊಂಡಿರುತ್ತಾನೆ.

ಹೋದಾಗ ಜಗಲಿ ಮೇಲೆ ಚೇರು ಹಾಕಿಸಿಕೊಂಡು ಕೂರಬೇಡ. ನೀನು ಬೆಂಗಳೂರಿನಿಂದ ಬಂದ ಗಂಡು ಹುಡುಗ, ಓದಿದವನು, ಅವರಿಗೆ ನೀನು ನೆಂಟ, ಕಾಫಿ ಕೊಟ್ಟು ಕಳಿಸುತ್ತಾರೆ. ಅವರೆಕಾಯಿ ಸುಲಿಯುತ್ತಿದ್ದರೆ ನೀನೂ ಒಂದು ಮೊರ ಎಳೆದುಕೊಂಡು ಕೂತುಕೋ. ಅಕ್ಕನೋ ತಂಗಿಯೋ ಇದ್ದರೆ ಕರೆದುಕೊಂಡು ಹೋಗು. ಹೆರಿಗೆ, ಸತ್ತುಹುಟ್ಟಿದ ಮಕ್ಕಳು, ಮುಟ್ಟು, ಇವನ್ನೆಲ್ಲ ನಿನ್ನೆದುರಿಗೆ ಬಿಚ್ಚಿ ಹೇಳುವುದಿಲ್ಲ, ಹೇಳಬೇಕು ಅಂತ ಹಟ ಮಾಡುವುದೂ ತಪ್ಪು. ನಿನ್ನ ತಂಗಿಯ ಹತ್ತಿರ ಹೇಳುತ್ತಾರೆ. ಮುತ್ತಜ್ಜಿಗೆ ಮೂರು ಮಕ್ಕಳು ಅಂತ ಬರೆದಿದ್ದೀಯ. ಉಳಿದವರು ಮೂರು. ಹೆತ್ತದ್ದು ಎಷ್ಟು ಅಂತ ಗಂಡಸರಿಗೆ ಗೊತ್ತಿರುವುದಿಲ್ಲ. ಆ ಕಾಲದ ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರ ಬಗ್ಗೆ ಬರೆದರು. ನಿಮ್ಮೂರಲ್ಲೂ ಅಂಥ ಕೆಲಸ ಮಾಡಿದವಳು ಒಬ್ಬಳು ಇದ್ದೇ ಇರುತ್ತಾಳೆ. ನಿನ್ನ ತಾತನನ್ನು ಈ ಲೋಕಕ್ಕೆ ತಂದ ಕೈ ಯಾವುದು ಅಂತ ಕೇಳಿದ್ದೀಯಾ?

ಕೇಳುವಾಗ ಭಾವನೆ ಕೇಳಬೇಡ. 'ಆಗ ನಿಮ್ಮವ್ವನಿಗೆ ಏನನಿಸಿರಬಹುದು' ಅಂದರೆ ಅಜ್ಜಿ 'ಏನ್ ಅನ್ಸಾದು ಮಗ, ಕಷ್ಟ ಪಟ್ಟವ್ಳೆ' ಅಂತ ಮುಗಿಸಿಬಿಡುತ್ತಾರೆ. ಕೆಲಸ ಕೇಳು. ನೀರಿಗೆ ಯಾವ ಬಾವಿಗೆ ಹೋಗುತ್ತಿದ್ದರು, ಜೊತೆಗೆ ಯಾರು ಇರುತ್ತಿದ್ದರು, ರಾಗಿ ಯಾವ ಹೊತ್ತಿಗೆ ಬೀಸುತ್ತಿದ್ದರು, ಬೀಸುವಾಗ ಯಾವ ಪದ ಹೇಳುತ್ತಿದ್ದರು, ಯಾವ ವಾರದ ಸಂತೆ, ಸಂತೆಗೆ ಏನು ಹೊತ್ತುಕೊಂಡು ಹೋಗುತ್ತಿದ್ದರು, ಬೆಣ್ಣೆಯಾ ಹುರುಳಿಯಾ ಕೋಳಿಯಾ, ದುಡ್ಡು ಎಲ್ಲಿ ಇಡುತ್ತಿದ್ದರು. ದುಡ್ಡು ಎಲ್ಲಿ ಇಡುತ್ತಿದ್ದರು ಅಂತ ಕೇಳಿದ್ದಕ್ಕೆ ನನಗೆ ಒಂದು ಸಲ ಒಬ್ಬ ಅಜ್ಜಿ ಇಡೀ ಮಧ್ಯಾಹ್ನ ಮಾತಾಡಿದರು. ಅವರ ಅತ್ತೆ ಅಕ್ಕಪಕ್ಕದವರಿಗೆ ಕೈಸಾಲ ಕೊಡುತ್ತಿದ್ದಳಂತೆ, ಲೆಕ್ಕಕ್ಕೆ ಗೋಡೆಯ ಮೇಲೆ ಸುಣ್ಣದ ಗೀರು, ಯಾವ ಗೀರು ಯಾರದು ಅಂತ ಅವಳಿಗೊಬ್ಬಳಿಗೇ ಗೊತ್ತು. ಗಂಡನಿಗೂ ಹೇಳುತ್ತಿರಲಿಲ್ಲವಂತೆ.

ಬಿತ್ತನೆ ಬೀಜದ ಬಗ್ಗೆಯೂ ಕೇಳು. ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಜೋಳ ಹಾಕುವುದು, ಮುಂದಿನ ವರ್ಷಕ್ಕೆ ಬೀಜ ಆರಿಸಿ ಬೂದಿ ಬೆರೆಸಿ ಮಡಿಕೆಯಲ್ಲಿ ಇಡುವುದು, ಇದೆಲ್ಲ ಹೆಂಗಸರ ಕೈಲಿದ್ದ ಕೆಲಸ. ಕಾಳುಕಡ್ಡಿ ಮಣ್ಣಿನ ವಾಡೆಯಲ್ಲಿ, ರಾಗಿ ಜಾಸ್ತಿ ಬಂದರೆ ನೆಲದೊಳಗಿನ ಹಗೇವಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆವಿ ಅಂತ ಧಾನ್ಯ ವಸೂಲಿಗೆ ಬರುತ್ತಿದ್ದರು. ಒಂಟಿ ಹೆಂಗಸು ಆಗ ಏನು ಮಾಡಿದಳು, ಕೊಟ್ಟಳಾ, ಮುಚ್ಚಿಟ್ಟಳಾ? ಮುಚ್ಚಿಟ್ಟಿದ್ದರೆ ಎಲ್ಲಿ? ಇಂಥ ಕತೆ ಮನೆಯವರು ಖುಷಿಯಾಗಿ ಹೇಳುತ್ತಾರೆ, ಸುಮ್ನೆ ಕೇಳಿ ನೋಡು.

ಗಂಡನ ಹೆಸರು ಹೇಳಿ ಅಂತ ಆ ಅಜ್ಜಿಯನ್ನು ಪೀಡಿಸಬೇಡ. ಅವರ ಕಾಲದವರು ಹೇಳುವುದಿಲ್ಲ. ತಾತನ ಹೆಸರನ್ನೇ ಇಟ್ಟ ಮೊಮ್ಮಗನನ್ನೂ ಹೆಸರಿಡಿದು ಕರೆಯದೆ ಸ್ವಾಮಿ, ಮರಿ ಅಂತ ಕರೆಯುತ್ತಾರೆ. ಪಕ್ಕದಲ್ಲಿ ಕೂತ ಸೊಸೆ ಹೇಳುತ್ತಾಳೆ, ಬರೆದುಕೋ. ಅದು ಗಂಡನ ಹೆಸರಿನ ಮಾತು, ತಮ್ಮದೇ ಹೆಸರು ಹೇಳಲು ಒಪ್ಪದ ಹೆಂಗಸರೂ ಇದ್ದರು. 1951-52ರ ಮೊದಲ ಮಹಾಚುನಾವಣೆಯ ಪಟ್ಟಿ ಮಾಡುವಾಗ ಇಂಥವನ ಹೆಂಡತಿ, ಇಂಥವನ ತಾಯಿ ಅಂತಷ್ಟೇ ಬರೆಸಿದವರ ಹೆಸರನ್ನು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಪಟ್ಟಿಯಿಂದ ತೆಗೆಸಿದರು. ಸುಮಾರು 28 ಲಕ್ಷ ಹೆಂಗಸರು ಹಾಗೆ ಮತ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಬಿಹಾರ, ರಾಜಸ್ಥಾನ, ಉತ್ತರಪ್ರದೇಶದ ಕಡೆಯವರು. ನಿನ್ನ ಅಧ್ಯಾಯ ಓದುವಾಗ ನನಗೆ ಆ ಪಟ್ಟಿ ನೆನಪಾಯಿತು. ನೀನೂ ತಾತನ ಅವ್ವ, ಮುತ್ತಜ್ಜನ ಹೆಂಡತಿ ಅಂತಲೇ ಬರೆದುಕೊಂಡು ಹೋಗಿದ್ದೀಯ. ಮೊದಲ ಸಾಲಿನಲ್ಲೇ ಅವಳ ಹೆಸರು ಹಾಕು. ಮುಂದೆಯೂ ಹೆಸರಿಡಿದೇ ಬರೆ. ಮರ್ಯಾದೆ ಕಡಿಮೆ ಆಗುವುದಿಲ್ಲ.

ಮೈಮೇಲಿನ ಹಚ್ಚೆ ಬಗ್ಗೆಯೂ ಕೇಳು. ಕೊರವಂಜಿಯರು ಹಾಕುತ್ತಿದ್ದ ಹಚ್ಚೆ, ಯಾವ ಕೈಗೆ ಏನು ಇತ್ತು, ಮದುವೆಗೆ ಮುಂಚೆ ಹಾಕಿಸಿದ್ದಾ ಆಮೇಲಾ. ಮಗಳಿಗೆ ನೆನಪಿರುತ್ತದೆ.

ಇಲ್ಲಿಗೆ ನಿನ್ನ ಅಧ್ಯಾಯದ ಇನ್ನೊಂದು ಕೊರತೆ ಹೇಳಬೇಕು. ಅವಳ ಬದುಕು ಮದುವೆಯಿಂದ ಶುರುವಾಗುತ್ತದೆ. ಅದಕ್ಕೆ ಮುಂಚೆ ಅವಳು ಎಲ್ಲಿದ್ದಳು? ನಿಮ್ಮ ಮನೆಗೆ ಹೆಳವರು ಬರುತ್ತಿದ್ದರು, ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬಂದು ವಂಶಾವಳಿ ಹೇಳಿ ರಾಗಿ ತೆಗೆದುಕೊಂಡು ಹೋಗುತ್ತಿದ್ದರು ಅಂತ ಚೆನ್ನಾಗಿ ಬರೆದಿದ್ದೀಯ. ಅವರನ್ನು ಹುಡುಕಿದ್ದು ಒಳ್ಳೆಯದೇ. ಮೂಲ ಯಾವ ಊರು, ಮನೆದೇವರು ಯಾರು, ಯಾವ ಕಾಲಕ್ಕೆ ಇಲ್ಲಿಗೆ ಬಂದರು ಅನ್ನುವುದನ್ನು ಅವರಷ್ಟು ಚೆನ್ನಾಗಿ ಹೇಳುವವರು ಇಲ್ಲ. ಆದರೆ ಹೆಳವರ ವಂಶಾವಳಿ ಗಂಡು ಸಂತಾನದ ಮೇಲೆ ನಡೆಯುತ್ತದೆ. ಹೆಣ್ಣು ಅದರೊಳಗೆ ಬಂದು ಸೇರುವವಳು, ಇಲ್ಲ ಆಚೆ ಹೋಗುವವಳು. ನೀನು ಆ ದಾರಿಯಲ್ಲೇ ಹೋಗಿದ್ದರಿಂದ ನಿನಗೂ ಅವಳು ಹೊಸಿಲು ದಾಟಿ ಬಂದ ಮೇಲೆ ಮಾತ್ರ ಕಂಡಳು. ಅವಳ ತವರಿನ ಊರಿಗೆ ಹೋಗು. ಅಲ್ಲಿ ನಿನಗೆ ಯಾರೂ ಗೊತ್ತಿಲ್ಲದಿರಬಹುದು. ಆ ಮನೆತನದ ಸೊಸೆಯಂದಿರು, ಅಣ್ಣತಮ್ಮಂದಿರ ಮೊಮ್ಮಕ್ಕಳು ಯಾರಾದರೂ ಇರುತ್ತಾರೆ. ಅವಳಿಗೆ ತೆರ ಎಷ್ಟು ಕೊಟ್ಟರು ಅಂತ ಕೇಳು. ನಮ್ಮ ಕಡೆ ಆಗ ಗಂಡಿನವರೇ ಹೆಣ್ಣಿನ ಮನೆಗೆ ತೆರ ಕೊಡುವ ರೂಢಿ ಎಷ್ಟೋ ಮನೆಗಳಲ್ಲಿ ಇತ್ತು, ವರದಕ್ಷಿಣೆ ಆಮೇಲೆ ಬಂದದ್ದು. ಪಾಲಿನ ಜಗಳದಲ್ಲಿ ಅವಳ ಪರವಾಗಿ ಬಂದವರ ಕತೆ ಆ ಊರಿನಲ್ಲಿ ಇರುವಷ್ಟು ನಿಮ್ಮೂರಿನಲ್ಲಿ ಇರುವುದಿಲ್ಲ. ನಿಮ್ಮೂರಿನವರಿಗೆ ಅದು ಸೋತ ಕತೆ ಅಲ್ವಾ!

ತಾರೀಖಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ತಿದ್ದುಪಡಿ ಮಾತ್ರ. ಮುತ್ತಜ್ಜಿ ಧಾತು ವರ್ಷದ ಬರ ಕಂಡವಳು ಅಂತ ಬರೆದು ಪಕ್ಕದಲ್ಲಿ 1876 ಹಾಕಿದ್ದೀಯ. ಆ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆ ಸುಡುಗಾಡಾಗಿದ್ದು ನಿಜ. ಆದರೆ ಅವಳು ಹುಟ್ಟಿದ್ದೇ ಅದಾಗಿ ಮೂವತ್ತು ವರ್ಷಕ್ಕೂ ಆಮೇಲೆ. ಸಂವತ್ಸರ 60 ವರ್ಷಕ್ಕೊಂದು ಸಲ ತಿರುಗಿ ಬರುತ್ತದೆ. 1936-37 ಕೂಡ ಧಾತುವೇ, ಅದರ ಮುಂದಿನ ವರ್ಷ ಈಶ್ವರ. ಅವಳು ಹೇಳುತ್ತಿದ್ದದ್ದು ತಾನು ಕಂಡ ಧಾತು ವರ್ಷದ ಮಾತಾ, ತನ್ನ ಅಜ್ಜಿಯಿಂದ ಕೇಳಿದ ಬರದ ಮಾತಾ, ವಿಚಾರಿಸು. ಎರಡನೆಯದಾದರೆ ಅದು ಇನ್ನೂ ಒಳ್ಳೆಯದು, ಅವಳಿಗಿಂತ ಹಿಂದಿನ ಒಬ್ಬಳ ಮಾತು ನಿನಗೆ ಸಿಕ್ಕಿದೆ. ಹಾಗೇ ಆಧಾರ್‌ನಲ್ಲಿರುವ ವಯಸ್ಸು ನಂಬಬೇಡ, ನಮ್ಮ ಅಜ್ಜಿಯರೆಲ್ಲ ಜನವರಿ 1ಕ್ಕೇ ಹುಟ್ಟಿದವರು. ಮುತ್ತಜ್ಜ ಕಬ್ಬಿನ ಕೆಲಸಕ್ಕೆ ಹೋಗಿ ಜ್ವರ ಹತ್ತಿಸಿಕೊಂಡು ಬಂದ ಅಂದಿದ್ದೀಯ. ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ, ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಹರಿದ ಊರುಗಳಲ್ಲಿ ಮಲೇರಿಯಾ ಕಾಟವಿತ್ತು. ಹೊಂದಿಕೊಳ್ಳುತ್ತದೆ. ಆದರೆ ಮಲೇರಿಯಾದಿಂದಲೇ ಸತ್ತ ಅಂತ ಬರೆಯಬೇಡ, ಜ್ವರ ಅಂತಲೇ ಬಿಡು.

ನೇಗಿಲ ವಿಷಯಕ್ಕೆ ಬರೋಣ. ಗಂಡ ಸತ್ತ ಮೇಲೆ ತಾನೇ ಹೊಲ ಉತ್ತಳು ಅಂತ ಬರೆದಿದ್ದೀಯ. ನಿಜವಾ? ಹೆಂಗಸರು ನೇಗಿಲು ಹಿಡಿಯಬಾರದು ಅನ್ನುವ ಕಟ್ಟುಪಾಡು ಆಗ ಗಟ್ಟಿಯಾಗಿತ್ತು. ಅವಳು ಅದನ್ನು ಮುರಿದಿದ್ದರೆ ಊರೇ ನೆನಪಿಟ್ಟುಕೊಳ್ಳುವ ಸಂಗತಿ ಅದು, ಆಗ ಅದಕ್ಕೇ ಒಂದು ಅಧ್ಯಾಯ ಬೇಕು. ಮುರಿದಿಲ್ಲದಿದ್ದರೆ ನೇಗಿಲು ಹಿಡಿದವರು ಯಾರು? ಕೆಲಸಕ್ಕೆ ಕೆಲಸ ಅಂತ ಮುಯ್ಯಾಳು ಬಂದರಾ, ಬೆಳೆಯಲ್ಲಿ ಪಾಲು ಮಾತಾಡಿ ವಾರಕ್ಕೆ ಕೊಟ್ಟಳಾ, ಜೀತಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದಳಾ? ಜೀತ ಕಾನೂನಿನಲ್ಲಿ ನಿಂತದ್ದು 1975-76ರಲ್ಲಿ, ಅದಕ್ಕೆ ಮುಂಚೆ ಒಂದು ಜೊತೆ ಎತ್ತು ಇದ್ದವರ ಮನೆಯಲ್ಲೂ ಆಳು ಇರುತ್ತಿದ್ದ. ವಾರಕ್ಕೆ ಕೊಟ್ಟಿದ್ದರೆ 1974ರ ಭೂಸುಧಾರಣೆ ಹೊತ್ತಿಗೆ ಏನಾಯಿತು? ಉಳುತ್ತಿದ್ದವನು ಹೊಲ ತನ್ನ ಹೆಸರಿಗೆ ಆಗಬೇಕು ಅಂತ ಫಾರಂ ನಂಬರ್ 7 ಹಾಕಿದನಾ? 'ಆ ಹೊಲ ಟೆನೆನ್ಸೀಲಿ ಹೋಯ್ತು' ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಗೊಣಗುತ್ತಾರಾ? ಗೊಣಗುವವರಿದ್ದರೆ ಆ ಹೊಲ ಈಗ ಯಾರದೋ ಅವರ ಮನೆಗೂ ಹೋಗಬೇಕು. ಕೇರಿಯಲ್ಲಿ ಯಾರ ಮನೆಯವರು ನಿಮ್ಮ ಹೊಲದಲ್ಲಿ ದುಡಿದರೋ ಅವರ ಮಕ್ಕಳು ಮೊಮ್ಮಕ್ಕಳನ್ನು ಕೇಳಬೇಕು. ನಿನ್ನ ಮುತ್ತಜ್ಜಿ ಕೂಲಿ ಅಳೆಯುವಾಗ ಸೇರಿನ ಮೇಲೆ ಕೈ ಎಳೆದು ಅಳೆಯುತ್ತಿದ್ದಳಾ, ತುಂಬಿ ಚೆಲ್ಲುವ ಹಾಗೆ ಅಳೆಯುತ್ತಿದ್ದಳಾ ಅಂತ ಅವರಿಗೆ ಗೊತ್ತು. ಅಲ್ಲಿ ದೇವತೆ ಅಂತ ಯಾರೂ ಹೇಳದಿರಬಹುದು. ಹೇಳಿದ್ದನ್ನು ಹಾಗೇ ಬರೆ. ಮೈದುನರ ಕೈಲಿ ನೊಂದವಳು ತನಗಿಂತ ಕೆಳಗಿದ್ದವರ ಹತ್ತಿರ ಗಡಸಾಗಿ ಇದ್ದಿರಬಹುದು, ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಒಂದು ಶಾಸನ ಇದೆ, 1057ನೇ ಇಸವಿಯದು. ದೇಕಬ್ಬೆ ಅನ್ನುವವಳ ಬಗ್ಗೆ. ಗಂಡನಿಗೆ ತಲಕಾಡಿನಲ್ಲಿ ಮರಣದಂಡನೆ ಆಯಿತು, ಸುದ್ದಿ ಕೇಳಿ ಇವಳು ಬೆಂಕಿಗೆ ಹೋಗುತ್ತೇನೆ ಅಂದಳು, ಅಪ್ಪ ಅಮ್ಮ ಬೇಡ ಅಂತ ಕಾಡಿದರೂ ಕೇಳಲಿಲ್ಲ. ಬಲು ಚೆಂದದ ಕನ್ನಡದಲ್ಲಿದೆ, ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಹಳ್ಳಿಯ ಒಬ್ಬ ಹೆಂಗಸಿನ ಹೆಸರು, ಅಪ್ಪನ ಹೆಸರು, ಅವಳ ಹಟ, ಎಲ್ಲ ಹೆಚ್ಚುಕಡಿಮೆ ಸಾವಿರ ವರ್ಷ ಉಳಿದಿದೆ. ಉಳಿದದ್ದು ಅವಳು ಸತ್ತದ್ದಕ್ಕೆ. ಗಂಡ ಸತ್ತ ಮೇಲೂ ಬದುಕಿ, ಹೊಲ ಬಿತ್ತಿ, ಮಕ್ಕಳನ್ನು ದೊಡ್ಡವರು ಮಾಡಿ, ಸೊಸೆಯರ ಹತ್ತಿರ ಜಗಳ ಆಡಿದವಳಿಗೆ ಯಾರೂ ಕಲ್ಲು ನೆಡಿಸಲಿಲ್ಲ. ಸತಿ ಹೋದವರಿಗೆ ನೆಟ್ಟ ಊರೂರಿನ ಮಾಸ್ತಿಕಲ್ಲುಗಳೂ ಹಾಗೇ. ನೀನು ತ್ಯಾಗಮಯಿ ಅಂತ ಬರೆಯುವಾಗ ನನಗೆ ಭಯ ಆಗುವುದು ಇದಕ್ಕೇ. ಬದುಕಿದ್ದವಳನ್ನು ಬರೆಯುತ್ತಿದ್ದೀಯ, ಮಾಸ್ತಿಕಲ್ಲು ಕೆತ್ತಬೇಡ.

ಕೊನೆಗೆ ನೀನು ಕೇಳಿದ ಪ್ರಶ್ನೆ. ಅತ್ತೆಯೊಬ್ಬರು ಗುಟ್ಟಾಗಿ ಹೇಳಿದರಂತೆ, ಮುತ್ತಜ್ಜಿಗೆ ಅದು ಎರಡನೇ ಸಂಬಂಧ, ಮೊದಲ ಗಂಡ ತೀರಿಹೋಗಿ ಇಲ್ಲಿಗೆ ಉಡಿಕೆಯಾಗಿ ಬಂದವಳು ಅಂತ. ಚಿಕ್ಕಪ್ಪ ಅದನ್ನು ಬರೆದರೆ ಮನೆಗೆ ಬರಬೇಡ ಅಂದರಂತೆ. ಏನು ಮಾಡಲಿ ಅಂತ ಕೇಳಿದ್ದೀಯ.

ನೋಡು, ಬೇಸಾಯ ಮಾಡುವ ಎಷ್ಟೋ ಜಾತಿಗಳಲ್ಲಿ ಉಡಿಕೆ, ಕೂಡಿಕೆ ಅನ್ನುವುದು ಒಪ್ಪಿತವಾದ ಪದ್ಧತಿ. ಸೀರೆ ಉಡಿಸಿ ಕರೆದುಕೊಂಡು ಬರುತ್ತಿದ್ದರು. ಅದನ್ನು ಅವಮಾನ ಅಂತ ನೋಡುವುದು ಮೇಲಿನ ಜಾತಿಗಳನ್ನು ನೋಡಿ ಕಲಿತದ್ದು. ಹಾಗಂತ ಆಗ ಎಲ್ಲ ಸಮಾನವಾಗಿತ್ತು ಅಂತಲೂ ಇಲ್ಲ. ಉಡಿಕೆಯಾದವಳನ್ನು ಮದುವೆ ಶಾಸ್ತ್ರದ ಮುಂದಕ್ಕೆ ಬಿಡುತ್ತಿರಲಿಲ್ಲ, ಆರತಿ ಹಿಡಿಯುವುದಕ್ಕೆ ಕರೆಯುತ್ತಿರಲಿಲ್ಲ. ಈಗ ಮೈದುನರ ಜಗಳವನ್ನು ಇದರ ಜೊತೆ ಇಟ್ಟು ನೋಡು. ಉಡಿಕೆಯವಳ ಮಕ್ಕಳಿಗೆ ಯಾತರ ಪಾಲು ಅಂತ ಅವರು ಅಂದಿರಬಹುದಲ್ಲ? ಇದು ಊಹೆ, ನಿನ್ನ ಕಾಗದ ನೋಡದೆ ನಾನು ಗಟ್ಟಿಯಾಗಿ ಹೇಳಲಾರೆ. ಆದರೆ ಹಾಗಿದ್ದರೆ ಆ ಸಂಗತಿ ಬಿಟ್ಟು ಬರೆದ ಪುಸ್ತಕಕ್ಕೆ ಬೆನ್ನುಮೂಳೆಯೇ ಇರುವುದಿಲ್ಲ.

ನನ್ನ ಅಭಿಪ್ರಾಯ, ಬರೆ. ಅತ್ತೆ ಒಬ್ಬರ ಮಾತಿನ ಮೇಲೆ ಬರೆಯಬೇಡ, ಕೆ.ಆರ್. ಪೇಟೆಯ ಅಜ್ಜಿಯನ್ನು ಕೇಳು, ತವರಿನ ಊರಲ್ಲಿ ಕೇಳು. ಅವರೂ ಹೌದು ಅಂದರೆ ಆ ಭಾಗ ಬರೆದು ಅಜ್ಜಿಗೆ ಓದಿ ಹೇಳು, ಪ್ರಿಂಟಿಗೆ ಹೋಗುವ ಮುಂಚೆ. ಅವಳ ಮಗಳು ಬದುಕಿದ್ದಾರೆ, ಅವರ ಒಪ್ಪಿಗೆ ಚಿಕ್ಕಪ್ಪನ ಸಿಟ್ಟಿಗಿಂತ ದೊಡ್ಡದು. ಅಜ್ಜಿ ಬೇಡ ಮಗ ಅಂದರೆ ಅವರು ಇರುವವರೆಗೆ ಆ ಪುಟಗಳನ್ನು ನಿನ್ನ ಹತ್ತಿರವೇ ಇಟ್ಟುಕೋ. ಪುಸ್ತಕ ಸ್ವಲ್ಪ ತಡವಾದರೆ ಆಕಾಶ ಬೀಳುವುದಿಲ್ಲ. ಆದರೆ ಮುಚ್ಚಿ ಬರೆದು, ಸುಳ್ಳು ಮದುವೆ ಚಪ್ಪರ ಹಾಕಿಸಿ, ವಾಲಗ ಊದಿಸಬೇಡ. ಈಗಿನ ಕರಡಿನಲ್ಲಿ ಆ ಮದುವೆ ದೃಶ್ಯ ಇದೆಯಲ್ಲ, ಹಸಿರು ಬಳೆ, ಬಾಸಿಂಗ, ನಾಚಿದ ಮುಖ, ಅದು ಯಾರು ಹೇಳಿದ್ದು? ಯಾರೂ ಹೇಳಿಲ್ಲದಿದ್ದರೆ ಇವತ್ತೇ ತೆಗೆದುಬಿಡು. ಗೊತ್ತಿಲ್ಲದ ಜಾಗ ಬಂದರೆ ಇಲ್ಲಿ ನನಗೆ ಏನೂ ಸಿಗಲಿಲ್ಲ ಅಂತ ಒಂದು ಸಾಲು ಬರೆದು ಮುಂದೆ ಹೋಗು, ಓದುವವರು ನಂಬುತ್ತಾರೆ.

ಅಜ್ಜಿಯ ಮಾತನ್ನು ರೆಕಾರ್ಡ್ ಮಾಡಿಕೊಂಡು ಬರೆಯುವಾಗ ಅವರ ಮಾತನ್ನು ತಿದ್ದಬೇಡ. 'ಓಯ್ತಿದ್ದೊ', 'ಬುಟ್ಟು', 'ಅಂಗಂತ' ಎಲ್ಲ ಹಾಗೇ ಇರಲಿ. ರೆಕಾರ್ಡ್ ಮಾಡುವ ಮುಂಚೆ ಫೋನ್ ಅವರಿಗೆ ತೋರಿಸಿ ಕೇಳು.

ಈ ತಿಂಗಳಲ್ಲಿ ಬೇರೆ ಅಧ್ಯಾಯ ಬರೆಯಬೇಡ. ಆ ಛಾಪಾ ಕಾಗದದ ಕೆಲಸ ಮಾಡು. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ, ಹಳೇ ಕಾಗದ ಹಾಳಾಗುತ್ತದೆ, ಸೆಲ್ಲೋಟೇಪೂ ಅಂಟಿಸಬೇಡ. ಮಡಿಕೆಯನ್ನು ಮೆಲ್ಲಗೆ ಬಿಡಿಸಿ, ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆದು ಕಳಿಸು. ಹಿಂದುಗಡೆ ಸಬ್‌ರಿಜಿಸ್ಟ್ರಾರ್ ಮುದ್ರೆ ಇದ್ದರೆ ಅದರ ನಂಬರ್ ಮತ್ತು ತಾರೀಖು ಬೇರೆಯಾಗಿ ಬರೆದುಕೋ, ನಕಲು ತೆಗೆಸುವಾಗ ಬೇಕಾಗುತ್ತದೆ. ಹಳೇ ಶಾನುಭೋಗರ ಕೈಬರಹ ಓದುವವರೊಬ್ಬರು ನನಗೆ ಪರಿಚಯ, ಮೈಸೂರಿನಲ್ಲಿದ್ದಾರೆ, ಫೋಟೋ ಸರಿಯಾಗಿ ಬಂದರೆ ಅವರಿಗೆ ತೋರಿಸುತ್ತೇನೆ. ಚಿಕ್ಕಪ್ಪನಿಗೆ ಹೇಳಿಯೇ ತೆಗಿ.

ಇಂತಿ,
ನಿನ್ನ ಅಕ್ಕ